ಹುಳ ತಿಂದ ಪತ್ರೆ

ನಮ್ಮನೆ ಲಾನ್ ಸತ್ತಿದ್ದು 2024ರ ಮಾರ್ಚ್ ತಿಂಗಳಲ್ಲಿ. ಆ ಬೇಸಿಗೆಯನ್ನು ಬೆಂಗಳೂರಿನವರು ಯಾರೂ ಮರೆತಿರಲಿಕ್ಕಿಲ್ಲ. ಬೀದಿಯ ಬೋರ್‌ವೆಲ್‌ಗಳು ಒಂದೊಂದಾಗಿ ಕೈಕೊಟ್ಟವು. ಟ್ಯಾಂಕರಿನವನು ಫೋನ್ ಎತ್ತುವುದನ್ನೇ ಬಿಟ್ಟ. ಕುಡಿಯುವ ನೀರನ್ನು ಗಿಡಗಳಿಗೆ ಬಿಟ್ಟರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿಯ ಆದೇಶ ಬೇರೆ ಬಂತು. ದಿನಾ ಬೆಳಿಗ್ಗೆ ಅರ್ಧ ಗಂಟೆ ಪೈಪು ಹಿಡಿದು ನಿಲ್ಲುತ್ತಿದ್ದ ನಮ್ಮ ಯಜಮಾನರು ಪೈಪು ಸುತ್ತಿ ಶೆಡ್ಡಿಗೆ ಹಾಕಿದರು. ಮೂರೇ ವಾರಕ್ಕೆ ಹುಲ್ಲು ಹಳದಿಯಾಗಿ, ಆಮೇಲೆ ತೆಂಗಿನ ನಾರಿನ ಬಣ್ಣಕ್ಕೆ ತಿರುಗಿತು. ಅವರು ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಯಾರೋ ತೀರಿಕೊಂಡವರ ಮನೆಯಲ್ಲಿ ಕೂತ ಹಾಗೆ ಪೇಪರ್ ಓದುತ್ತಿದ್ದರು.

ಬನಶಂಕರಿ ಎರಡನೇ ಹಂತದಲ್ಲಿ ನಮ್ಮದು ಹಳೆಯ ಕಾಲದ ಸೈಟು. ಮನೆ ಮುಂದೆ 12 ಅಡಿ ಅಗಲ, 30 ಅಡಿ ಉದ್ದದ ಜಾಗ. ಕಾಂಪೌಂಡಿನ ಪಕ್ಕ ಒಂದು ಕರಿಬೇವು, ಹಿತ್ತಲಲ್ಲಿ ಒಂದು ತೆಂಗು, ಗೇಟಿನ ಮೂಲೆಯಲ್ಲಿ ಯಾವುದೋ ಹಕ್ಕಿ ಉದುರಿಸಿದ ಬೀಜದಿಂದ ತಾನಾಗಿ ಎದ್ದ ಗಸಗಸೆ ಹಣ್ಣಿನ ಮರ. ಮಿಕ್ಕಿದ್ದೆಲ್ಲ ಲಾನ್, ಅದರ ಅಂಚಿಗೆ ಸಾಲಾಗಿ ಅರೆಕಾ ಪಾಮ್.

ಒಣಗಿದ ಹುಲ್ಲನ್ನು ನೋಡಿ ಮೊದಲು ಮಾತಾಡಿದ್ದು ನಮ್ಮತ್ತೆ. ಅವರಿಗೆ 82 ವರ್ಷ, ಮಾಗಡಿ ಕಡೆಯ ಹಳ್ಳಿಯವರು. "ಹುಲ್ಲು ಹೋದ್ರೆ ಹೋಯ್ತು ಬಿಡೆ. ಪತ್ರೆ ಗಿಡ ಹಾಕು. ಚೌತಿಗೆ ಗಾಂಧಿ ಬಜಾರಿಗೆ ಓಡೋದು ತಪ್ಪುತ್ತೆ" ಅಂದರು. ಇದು ಅವರ ಹಳೆಯ ದೂರು. ಗಣೇಶನಿಗೆ ಏರಿಸುವ ಇಪ್ಪತ್ತೊಂದು ಪತ್ರೆ ಎಂದು ಹಬ್ಬದ ದಿನ ಕಟ್ಟು ಮಾರುತ್ತಾರಲ್ಲ, ಅದನ್ನು ಬಿಚ್ಚಿ ಒಂದೊಂದೇ ಎಣಿಸಿ, "ಇದು ಅದೇ, ಇದೂ ಅದೇ, ಇದು ರಸ್ತೆ ಬದಿ ಸೊಪ್ಪು" ಎಂದು ಗೊಣಗುವುದು ಪ್ರತಿ ವರ್ಷದ ಪೂಜೆಯ ಒಂದು ಭಾಗವೇ ಆಗಿತ್ತು.

ಅದೇ ವಾರ ನಾರ್ತ್ ಕ್ಯಾರೊಲಿನಾದಲ್ಲಿರುವ ಮಗಳು ಫೋನಿನಲ್ಲಿ ಇನ್ನೊಂದು ರಾಗ ತೆಗೆದಳು. ಅಲ್ಲಿ ಜನ ಲಾನ್ ಅಗೆದು ಆ ಸೀಮೆಯದೇ ಗಿಡ ಹಾಕುತ್ತಿದ್ದಾರಂತೆ. ಅಲ್ಲಿ ಚಿಕಡೀ ಎಂಬ ಗುಬ್ಬಿಗಿಂತ ಸಣ್ಣ ಹಕ್ಕಿಯಿದೆ. ಅದರ ಒಂದು ಸೂಲಿನ ಮರಿಗಳು ಗೂಡು ಬಿಟ್ಟು ಹಾರುವ ಹೊತ್ತಿಗೆ ತಾಯಿ-ತಂದೆ ಸೇರಿ 6,000ದಿಂದ 9,000 ಹುಳ ಹುಡುಕಿ ತರಬೇಕು. ಹೊರಗಿನಿಂದ ತಂದ ಅಲಂಕಾರದ ಗಿಡಗಳಲ್ಲಿ ಹುಳ ಅಷ್ಟಾಗಿ ಇರುವುದಿಲ್ಲ, ಏಕೆಂದರೆ ಅಲ್ಲಿನ ಹುಳಗಳಿಗೆ ಆ ಎಲೆ ಜೀರ್ಣಿಸಿಕೊಳ್ಳುವುದು ಬಾರದು. "ಅಮ್ಮ, ನಿನ್ನ ಅರೆಕಾ ಪಾಮ್‌ನಲ್ಲಿ ಎಂದಾದ್ರೂ ಒಂದು ತೂತು ನೋಡಿದ್ದೀಯಾ?" ಎಂದು ಕೇಳಿದಳು. ನೋಡಿರಲಿಲ್ಲ. ಅದನ್ನೇ ನಾನು ಗಿಡದ ಗುಣ ಎಂದುಕೊಂಡಿದ್ದೆ.

ಆ ರಾತ್ರಿ ವ್ರತದ ಪುಸ್ತಕ ತೆಗೆದು ಕೂತೆ. ಮಾಚೀಪತ್ರ, ಬೃಹತೀಪತ್ರ, ಬಿಲ್ವಪತ್ರ, ದೂರ್ವೆ, ದತ್ತೂರ, ಬದರಿ, ಅಪಾಮಾರ್ಗ, ಚೂತ, ಕರವೀರ, ವಿಷ್ಣುಕ್ರಾಂತ, ದಾಡಿಮ, ಸಿಂಧುವಾರ, ಶಮಿ, ಅಶ್ವತ್ಥ, ಅರ್ಜುನ, ಅರ್ಕ... ಸಂಸ್ಕೃತದ ಪೇಟ ತೆಗೆದರೆ ಎಲ್ಲ ನಮ್ಮ ಹೊಲದ ಬದುವಿನ ಗಿಡಗಳೇ. ಅಪಾಮಾರ್ಗ ಅಂದರೆ ಸೀರೆಗೆ ಅಂಟುವ ಉತ್ತರಾಣಿ, ಸಿಂಧುವಾರ ಅಂದರೆ ಲಕ್ಕಿ, ಬದರಿ ಅಂದರೆ ಎಲಚಿ, ಅರ್ಕ ಅಂದರೆ ಎಕ್ಕ. ಪಕ್ಕದಲ್ಲಿ ಫೋನ್ ಇಟ್ಟುಕೊಂಡು ಯಾವ ಚಿಟ್ಟೆ ಯಾವ ಗಿಡದ ಮೇಲೆ ಮೊಟ್ಟೆ ಇಡುತ್ತದೆ ಎಂದು ಹುಡುಕುತ್ತ ಹೋದೆ. ಬಿಲ್ವದ ಮೇಲೆ ಲೈಮ್ ಬಟರ್‌ಫ್ಲೈ. ಎಕ್ಕದ ಮೇಲೆ ಪ್ಲೇನ್ ಟೈಗರ್. ಕರವೀರ ಎಂದರೆ ಕಣಗಿಲೆ, ಅದರ ಮೇಲೆ ಕಾಮನ್ ಕ್ರೋ. ಎಲಚಿಯ ಮೇಲೆ ಕಾಮನ್ ಪಿಯರೊ. ಮಾವಿನ ಮೇಲೆ ಕಾಮನ್ ಬ್ಯಾರನ್. ದಾಳಿಂಬೆಯ ಕಾಯಿ ಕೊರೆಯುವ ಹುಳ ಕೂಡ ಒಂದು ಚಿಟ್ಟೆಯದೇ ಮರಿ. ಅತ್ತೆಯ ಪಟ್ಟಿ, ಮಗಳ ಪಟ್ಟಿ ಎರಡೂ ಹೆಚ್ಚುಕಡಿಮೆ ಒಂದೇ. ನನಗೆ ನಗು ಬಂತು.

ಹಾಗೆಂದು ಇಪ್ಪತ್ತೊಂದೂ ದೇಸಿ ಎಂದು ಎದೆ ತಟ್ಟಿಕೊಳ್ಳುವ ಹಾಗಿಲ್ಲ. ದಾಳಿಂಬೆ ಇರಾನಿನ ಕಡೆಯಿಂದ ಬಂದದ್ದು, ದೇವದಾರು ಹಿಮಾಲಯದ್ದು. 12 ಅಡಿ ಜಾಗದಲ್ಲಿ ಅಶ್ವತ್ಥ ನೆಟ್ಟರೆ ನಾವು ಮನೆ ಖಾಲಿ ಮಾಡಬೇಕು. ದತ್ತೂರ, ಅಂದರೆ ಉಮ್ಮತ್ತಿ, ಕಾಯಿ ಬೀಜ ಎಲ್ಲ ವಿಷ. ರಜೆಗೆ ಬರುವ ಮೊಮ್ಮಗ ಕಂಡದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನವನು, ಹಾಗಾಗಿ ಅದನ್ನು ಪಟ್ಟಿಯಿಂದ ಹೊಡೆದುಹಾಕಿದೆ. ಕಣಗಿಲೆಯೂ ವಿಷವೇ. ಅದನ್ನು ಮಗು ಕೈಚಾಚದ ಹಿಂದಿನ ಮೂಲೆಗೆ ಹಾಕುವುದು ಎಂದಾಯಿತು. ಕೊನೆಗೆ ಉಳಿದದ್ದು ಹನ್ನೆರಡು.

ಏಪ್ರಿಲ್ ಕೊನೆಗೆ ಅಗೆಯಲು ಶುರು. ರಾಯಚೂರು ಕಡೆಯ ಗಾರೆ ಕೆಲಸದ ಹುಡುಗ ಎರಡು ದಿನಕ್ಕೆ ಬಂದ. ಹುಲ್ಲು ಚಾಪೆಯ ಹಾಗೆ ಸುತ್ತಿಕೊಂಡು ಬಂತು. ಅದರ ಕೆಳಗೆ ನಾಲ್ಕು ಬೆರಳು ಕೆಮ್ಮಣ್ಣು. ಅದರ ಕೆಳಗೆ ಗುದ್ದಲಿ ಠಣ್ ಎಂದಿತು. ಇಟ್ಟಿಗೆ, ಗಟ್ಟಿಯಾದ ಸಿಮೆಂಟ್ ಚೀಲ, ಮೊಸಾಯಿಕ್ ಚೂರು, ಒಂದು ಮುರಿದ ಇಂಡಿಯನ್ ಕಮೋಡು. ಮನೆ ರಿನೋವೇಶನ್ ಮಾಡಿಸಿದಾಗ ಮೇಸ್ತ್ರಿ "ಎಲ್ಲ ಸಾಗ್ಸಿದ್ದೀನಿ ಸಾರ್" ಎಂದು ಲೋಡಿನ ದುಡ್ಡು ತಗೊಂಡು ಹೋಗಿದ್ದ. ಹುಡುಗ ಪಿಕಾಸಿ ಊರಿ ನಿಂತು, "ಅಕ್ಕಾರ, ಇಲ್ಲಿ ಮಣ್ಣ ಇಲ್ರಿ, ನಿಮ್ಮ ಹಳೇ ಮನೀನ ಐತಿ" ಅಂದ. ಎರಡು ದಿನದ ಕೆಲಸ ಐದು ದಿನವಾಯಿತು. ಇಡೀ ತೋಟದ ಖರ್ಚಿನಲ್ಲಿ ಮುಕ್ಕಾಲು ಪಾಲು ಈ ಕಸ ಸಾಗಿಸುವುದಕ್ಕೇ ಹೋಯಿತು. ಹೊಸದಾಗಿ ಅಂಗಳ ಅಗೆಯುವವರಿಗೆ ಒಂದು ಮಾತು: ಮೊದಲು ಹಾರೆಯಿಂದ ನಾಲ್ಕು ಕಡೆ ಚುಚ್ಚಿ ನೋಡಿ, ಆಮೇಲೆ ಕೂಲಿ ಮಾತಾಡಿ.

ಆ ಬರಡು ನೆಲಕ್ಕೆ ಜೀವ ತುಂಬಿದ್ದು ಹೊಂಗೆ ಎಲೆ. ನಮ್ಮ ಬೀದಿಯ ತುಂಬ ಹೊಂಗೆ ಮರಗಳು. ಗುಡಿಸುವ ಪೌರಕಾರ್ಮಿಕ ಹೆಣ್ಣುಮಗಳನ್ನು ಕೇಳಿದೆ. "ಜನ ಕಸ ತಗೊಂಡ್ಹೋಗಿಲ್ಲ ಅಂತ ಜಗಳಕ್ಕೆ ಬರ್ತಾರೆ, ನೀವು ಕಸ ಕೊಡು ಅಂತೀರಲ್ಲಮ್ಮಾ" ಎಂದು ನಕ್ಕಳು. ದಿನ ಬಿಟ್ಟು ದಿನ ಒಂದು ಮೂಟೆ ಗೇಟಿನ ಒಳಗೆ ಇಟ್ಟುಹೋಗುತ್ತಿದ್ದಳು, ನಾನು ಕಾಫಿ ಕೊಡುತ್ತಿದ್ದೆ. ಹಸಿ ಸಗಣಿ ನೀರು ಚಿಮುಕಿಸಿ, ಎಲೆ ಹರಡಿ, ಮತ್ತೆ ಮಣ್ಣು, ಮತ್ತೆ ಎಲೆ. ತಾರಸಿಯ ಮಳೆನೀರಿನ ಪೈಪು ಚರಂಡಿಗೆ ಹೋಗುತ್ತಿದ್ದುದನ್ನು ತಿರುಗಿಸಿ ಇದೇ ಜಾಗದ ಮಧ್ಯದ ಗುಂಡಿಗೆ ಬಿಟ್ಟೆವು. ಮೇ ತಿಂಗಳ ಎರಡು ಜೋರು ಮಳೆ ಬಿದ್ದ ಮೇಲೆ ಎಲೆ ಸರಿಸಿ ನೋಡಿದರೆ ಎರೆಹುಳ. ಯಜಮಾನರನ್ನು ಕರೆದು ತೋರಿಸಿದೆ. "ಹೂಂ" ಎಂದರು. ಲಾನ್ ಹೋದ ದುಃಖ ಇನ್ನೂ ಆರಿರಲಿಲ್ಲ.

ಗಿಡ ಹುಡುಕಿದ್ದೇ ಒಂದು ದೊಡ್ಡ ಕಥೆ. ಲಾಲ್‌ಬಾಗಿನ ಹಿಂದೆ ಸಿದ್ದಾಪುರದ ನರ್ಸರಿಗಳ ಸಾಲಿಗೆ ಹೋಗಿ ಎಕ್ಕ ಇದೆಯಾ, ಉತ್ತರಾಣಿ ಇದೆಯಾ ಎಂದು ಕೇಳಿದರೆ, ಕೂಲಿಂಗ್ ಗ್ಲಾಸ್ ಅಂಗಡಿಯಲ್ಲಿ ಕಾಡಿಗೆ ಕೇಳಿದವಳ ಹಾಗೆ ನೋಡಿದರು. "ಅದನ್ನ ಯಾರಮ್ಮ ಮಾರ್ತಾರೆ, ಖಾಲಿ ಸೈಟಲ್ಲಿ ಬೆಳ್ದಿರುತ್ತೆ ಕಿತ್ಕೊಳ್ಳಿ." ಸರಿಯಾಗಿಯೇ ಹೇಳಿದ. ಎಕ್ಕದ ಬೀಜ ಸಿಕ್ಕಿದ್ದು ಬಸ್ ಡಿಪೋ ಕಡೆಯ ಖಾಲಿ ಸೈಟಿನಲ್ಲಿ. ಕಾಯಿ ಒಡೆದು ರೇಷ್ಮೆಯಂಥ ಎಳೆಗಳ ಜೊತೆ ಹಾರುತ್ತಿತ್ತು. ಉತ್ತರಾಣಿಯನ್ನು ಹುಡುಕಲೇ ಇಲ್ಲ, ಆ ಸೈಟಿನಿಂದ ನನ್ನ ಸೀರೆ ಹಿಡಿದು ತಾನೇ ಬಂತು. ಬಿಲ್ವದ ಸಸಿ ಮಳೆಗಾಲದಲ್ಲಿ ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಲಕ್ಕಿ ಕಡ್ಡಿ, ವಿಷ್ಣುಕ್ರಾಂತಿಯ ಬುಡ ಎರಡೂ ಅತ್ತೆಯ ಊರಿನ ಹೊಲದ ಬದುವಿನಿಂದ ಬಂದವು. ಜೊತೆಗೆ ಪಟ್ಟಿಯಲ್ಲಿ ಇಲ್ಲದ ತುಂಬೆ, ತಂಗಡಿ, ಈಶ್ವರಿ ಬಳ್ಳಿ.

ಎಕ್ಕದ ವಿಷಯಕ್ಕೆ ಮನೆಯಲ್ಲಿ ಸಣ್ಣ ಯುದ್ಧವೇ ಆಯಿತು. "ಮನೆ ಮುಂದೆ ಎಕ್ಕ ಹಾಕ್ತಾರಾ? ಎಕ್ಕ ಹುಟ್ಟಲಿ ಅಂತ ಶಾಪ ಹಾಕೋದು ಕೇಳಿಲ್ವಾ?" ಎಂದು ಯಜಮಾನರು. ಅತ್ತೆಯೇ ತೀರ್ಪು ಕೊಟ್ಟರು: "ರಥಸಪ್ತಮಿ ದಿನ ತಲೆ ಮೇಲೆ ಎಕ್ಕದೆಲೆ ಇಟ್ಕೊಂಡು ಸ್ನಾನ ಮಾಡ್ತೀಯಲ್ಲ, ಆವತ್ತು ಬೇಕು, ಮಿಕ್ಕಿದ ದಿನ ಬೇಡ್ವಾ? ಬಿಳೀ ಎಕ್ಕ ಹಾಕ್ಲಿ ಬಿಡೋ." ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಎಲೆ ಕೀಳುವಾಗ ಇವತ್ತಿಗೂ ನಾನು ಗ್ಲೌಸ್ ಹಾಕುತ್ತೇನೆ.

ಜೂನ್, ಜುಲೈ ಸೋಲಿನ ತಿಂಗಳುಗಳು. ಮಳೆ ಹಿಡಿದುಕೊಂಡ ಕೂಡಲೇ ಆಫ್ರಿಕದ ದೈತ್ಯ ಬಸವನಹುಳುಗಳು ಬಂದವು. 1847ರಲ್ಲಿ ಯಾರೋ ಶೋಕಿಗೆ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದ ಜೀವ ಅದು, ಈಗ ಬನಶಂಕರಿಯಲ್ಲಿ ನನ್ನ ಸಸಿ ತಿನ್ನುತ್ತಿದೆ. ಒಂದೇ ರಾತ್ರಿಗೆ ತುಂಬೆಯ ಅಷ್ಟೂ ಸಸಿ ಮಾಯ. ಟಾರ್ಚು, ಗ್ಲೌಸು, ಉಪ್ಪುನೀರಿನ ಬಕೆಟ್ಟು ಹಿಡಿದು ಒಂಬತ್ತು ಗಂಟೆಗೆ ಇಳಿದರೆ ಒಂದು ರಾತ್ರಿ 43 ಸಿಕ್ಕವು. ಬರಿಗೈಯಲ್ಲಿ ಮುಟ್ಟಬೇಡಿ, ಅವು ರೋಗದ ಪರಾವಲಂಬಿ ಹುಳು ಹೊತ್ತಿರಬಹುದು. ಎರಡು ವಾರ ನಮ್ಮ ಮನೆಯ ರಾತ್ರಿಯ ಟಿವಿ ಧಾರಾವಾಹಿ ಇದೇ. ವಿಚಿತ್ರವೆಂದರೆ ಯಜಮಾನರು ಮೊದಲ ಸಲ ತೋಟಕ್ಕೆ ಇಳಿದದ್ದು ಈ ಬೇಟೆಗೇ. ಎಣಿಸಿ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದರು. ಆಗಸ್ಟ್‌ನಲ್ಲಿ ಕೆಂಬೂತವೊಂದು ಗೋಡೆಯ ಬುಡದಲ್ಲಿ ತಲೆ ತಗ್ಗಿಸಿ ನಡೆಯುತ್ತ ಸಣ್ಣ ಬಸವನಹುಳುಗಳನ್ನು ಹೆಕ್ಕತೊಡಗಿತು. ಅಲ್ಲಿಯವರೆಗೆ "ಊಪ್ ಊಪ್" ಎಂದು ದೂರದಲ್ಲಿ ಕೇಳುತ್ತಿದ್ದ ಹಕ್ಕಿ.

ಎರಡನೇ ಸೋಲಿಗೆ ನಾನೇ ಕಾರಣ. ಬೇಗ ಚಿಟ್ಟೆ ಬರಲಿ ಎಂಬ ಆಸೆಗೆ ಒಂದು ನರ್ಸರಿಯಿಂದ ಎದೆಯೆತ್ತರದ ನಿಂಬೆ ಗಿಡ ತಂದೆ. ಎಲೆ ಗಾಜಿನ ಹಾಗೆ ಹೊಳೆಯುತ್ತಿತ್ತು, ಒಂದು ಕಲೆ ಇಲ್ಲ. ಮೂರನೇ ದಿನ ಚಿಟ್ಟೆ ಬಂದು ಮುತ್ತಿನಂಥ ಮೊಟ್ಟೆ ಇಟ್ಟಿತು. ಮರಿ ಹೊರಬಂದು, ಒಂದು ಎಲೆಯ ಅಂಚು ಕಡಿದು, ಕಪ್ಪಗೆ ಮುದುಡಿ ಸತ್ತವು. ಒಂದೂ ಉಳಿಯಲಿಲ್ಲ. ಮಾರುವ ಗಿಡ ಅಂದವಾಗಿರಲಿ ಎಂದು ಔಷಧಿ ಹೊಡೆದಿರುತ್ತಾರೆ, ಕೆಲವು ಔಷಧಿ ಬೇರಿನಿಂದ ಏರಿ ಎಲೆಯ ಒಳಗೇ ಇರುತ್ತದೆ. ತೊಳೆದರೆ ಹೋಗುವುದಿಲ್ಲ. ಆ ಗಿಡಕ್ಕೆ ಸೊಳ್ಳೆಪರದೆ ಹೊದಿಸಿ, ಹಳೆ ಎಲೆಯೆಲ್ಲ ಉದುರಿ ಹೊಸದು ಬರುವ ತನಕ ತಿಂಗಳುಗಟ್ಟಲೆ ಕಾದೆ. ಈಗ ನಾನು ನರ್ಸರಿಯಲ್ಲಿ ಎಲೆಯಲ್ಲಿ ತೂತಿರುವ ಗಿಡವನ್ನೇ ಆರಿಸುತ್ತೇನೆ, ಅಂಗಡಿಯವನು ಬೆಲೆಯಲ್ಲೂ ಕಡಿಮೆ ಮಾಡುತ್ತಾನೆ.

ಕರಿಬೇವಿನ ಗಿಡದಲ್ಲಿ ಮಾತ್ರ ಯಾರೂ ಕರೆಯದೇ ಎಲ್ಲ ನಡೆಯುತ್ತಿತ್ತು. ಒಗ್ಗರಣೆಗೆ ಎಲೆ ಕೀಳಲು ಹೋದ ಅತ್ತೆ, "ಕಾಗೆ ಗಲೀಜು ಮಾಡಿದೆ, ಚೆಂಬಲ್ಲಿ ನೀರು ತಾ" ಎಂದು ಕೂಗಿದರು. ಹೋಗಿ ನೋಡಿದರೆ ಹಿಕ್ಕೆ ತಲೆ ಅಲ್ಲಾಡಿಸುತ್ತಿದೆ. ಕಾಮನ್ ಮಾರ್ಮನ್ ಚಿಟ್ಟೆಯ ಮರಿ ಸಣ್ಣದಿರುವಾಗ ಥೇಟ್ ಹಕ್ಕಿಯ ಹಿಕ್ಕೆಯ ವೇಷ ಹಾಕಿರುತ್ತದೆ, ಬೆಳೆದ ಮೇಲೆ ಹಸಿರಾಗುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದೆ. ಕುತ್ತಿಗೆಯ ಮೇಲಿನಿಂದ ಕೆಂಪು ಕವಲುಕೊಂಬು ಚಾಚಿ, ಘಾಟು ವಾಸನೆ ಬಿಟ್ಟಿತು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು, "ಅಯ್ಯೋ, ನಾಗರ ಹೆಡೆ ಎತ್ತಿದ ಹಾಗೆ ಎತ್ತುತ್ತಲ್ಲೇ ಇದು!" ಇಷ್ಟು ವರ್ಷ ಇವನ್ನೇ ನಾನು ಬೇವಿನೆಣ್ಣೆ ಹೊಡೆದು ಕೊಂದು, ಆಮೇಲೆ ಲಾಲ್‌ಬಾಗಿಗೆ ಹೋಗಿ ಚಿಟ್ಟೆಯ ಫೋಟೊ ತೆಗೆಯುತ್ತಿದ್ದೆ.

ಎಕ್ಕ ಅಕ್ಟೋಬರ್ ಹೊತ್ತಿಗೆ ಸೊಂಟದೆತ್ತರ ಬಂತು. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳಗಳು ಸರ್ಕಸ್ಸಿನ ಬಟ್ಟೆ ತೊಟ್ಟ ಹಾಗೆ ರಾಜಾರೋಷವಾಗಿ ಎಲೆ ತಿನ್ನುತ್ತವೆ. ಎಕ್ಕದ ಹಾಲಿನ ವಿಷ ಮೈಯಲ್ಲಿ ಇಟ್ಟುಕೊಂಡಿರುವುದರಿಂದ ಅವಕ್ಕೆ ಬಚ್ಚಿಟ್ಟುಕೊಳ್ಳುವ ದರ್ದಿಲ್ಲ. ಕಣಗಿಲೆಯ ಎಲೆಯಡಿ ಕಾಮನ್ ಕ್ರೋದ ಕೋಶ ನೇತಾಡಿದ್ದನ್ನು ಮೊದಲು ನೋಡಿದ್ದು ಯಜಮಾನರು. "ಯಾರೋ ಓಲೆ ಬೀಳಿಸ್ಕೊಂಡಿದ್ದಾರೆ ನೋಡೇ" ಎಂದು ಕರೆದರು. ಬೆಳ್ಳಿಗೆ ಪಾಲಿಶ್ ಕೊಟ್ಟ ಹಾಗೆ ಹೊಳೆಯುತ್ತಿತ್ತು, ಬಗ್ಗಿದರೆ ಅದರಲ್ಲಿ ನಮ್ಮ ಗೇಟು ಕಾಣುತ್ತಿತ್ತು. ಆವತ್ತಿನಿಂದ ಪೇಪರ್ ಓದುವ ಕುರ್ಚಿ ಕಣಗಿಲೆಯ ಪಕ್ಕಕ್ಕೆ ಹೋಯಿತು. ಎಲ್ಲ ಕೋಶದಿಂದಲೂ ಚಿಟ್ಟೆಯೇ ಬರುತ್ತದೆಂದು ಇಲ್ಲ. ಎಕ್ಕದ ಒಂದು ಕೋಶ ಕಂದಿ, ಅದರೊಳಗಿಂದ ನೊಣಗಳು ಹೊರಟವು. ಹುಳದ ಮೈಯಲ್ಲೇ ಯಾವಾಗಲೋ ಮೊಟ್ಟೆ ಇಟ್ಟಿದ್ದ ಪರಾವಲಂಬಿ. ಯಜಮಾನರಿಗೆ ಅವತ್ತು ಊಟ ಸೇರಲಿಲ್ಲ. ಅದೂ ತೋಟದ್ದೇ ಜೀವ ಎಂದು ನಾನು ಹೇಳಿದ್ದು ಅವರಿಗೆ ಹಿಡಿಸಲೂ ಇಲ್ಲ.

ಎದುರು ಮನೆಯವರಿಗೆ ನಮ್ಮ ಅಂಗಳ ಕಾಡಾಯಿತು, ಹಾವು ಬರುತ್ತದೆ, ಸೊಳ್ಳೆ ಬರುತ್ತದೆ ಎಂಬ ಆತಂಕ. ಸೊಳ್ಳೆಯ ಮಾತಿನಲ್ಲಿ ನ್ಯಾಯವಿತ್ತು. ಹಕ್ಕಿಗೆಂದು ಇಟ್ಟ ಮಣ್ಣಿನ ತಟ್ಟೆಯ ನೀರನ್ನು ಒಂದು ಮದುವೆಯ ಗಲಾಟೆಯಲ್ಲಿ ನಾನು ಬದಲಿಸದೆ ಬಿಟ್ಟಿದ್ದೆ. ಡೆಂಗಿ ತಪಾಸಣೆಗೆ ಬಂದ ಆರೋಗ್ಯ ಕಾರ್ಯಕರ್ತೆ ಟಾರ್ಚು ಬಿಟ್ಟು, ಒದ್ದಾಡುವ ಮರಿಗಳನ್ನು ತೋರಿಸಿ, "ಟೀಚರ್ ಆಗಿದ್ದವರು ನೀವೇ ಹಿಂಗ್ ಮಾಡಿದ್ರೆ?" ಎಂದಳು. ತಲೆ ತಗ್ಗಿಸಿದೆ. ಈಗ ದಿನಾ ಬೆಳಿಗ್ಗೆ ರಂಗೋಲಿಗೆ ಮುಂಚೆ ಆ ನೀರು ಚೆಲ್ಲಿ, ತಟ್ಟೆ ತಿಕ್ಕಿ, ಹೊಸ ನೀರು. ಹಾವಿನ ಮಾತಿಗೆ ಒಂದು ಹೊಂದಾಣಿಕೆ ಮಾಡಿಕೊಂಡೆವು: ಅವರ ಕಡೆಯ ಗೋಡೆಯಿಂದ ಎರಡಡಿ ಜಾಗ ಬರಿದು ಬಿಟ್ಟು ಜಲ್ಲಿ ಹಾಕಿದೆವು, ಎಲೆರಾಶಿ ಹಿತ್ತಲಿಗೆ ಹೋಯಿತು. ಕಾಡು ಎಂದು ಕಾಣದಿರಲಿ ಎಂದು ದಾರಿಯ ಅಂಚಿಗೆ ಇಟ್ಟಿಗೆ ಸಾಲು ಜೋಡಿಸಿದೆವು, ಅಗೆದಾಗ ಸಿಕ್ಕ ನಮ್ಮ ಹಳೇ ಮನೆಯ ಇಟ್ಟಿಗೆಯೇ. ಇಷ್ಟು ಮಾಡಿದ ಮೇಲೆ ಅವರ ಮೊಮ್ಮಗಳು ಸಂಜೆ ಹುಳ ಎಣಿಸಲು ನಮ್ಮಲ್ಲಿಗೇ ಬರುತ್ತಾಳೆ.

ಗಸಗಸೆ ಹಣ್ಣಿನ ಮರದ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ನಮ್ಮ ಬೀದಿಯಲ್ಲಿ ಚಿಟ್ಟೆಗಳ ಹುಚ್ಚಿನ ಒಬ್ಬ ಹುಡುಗನಿದ್ದಾನೆ, ಅವನ ಪ್ರಕಾರ ಅದನ್ನು ಕಡಿಯಬೇಕು: "ಆಂಟಿ, ಇದು ಅಮೆರಿಕ ಖಂಡದ್ದು, ದೇಸಿ ಅಲ್ಲ." ನಿಜವೇ. ಆದರೆ ಬೆಳಗಾದರೆ ಹೆಬ್ಬೆರಳಿನಷ್ಟಿರುವ ಬದನಿಕೆ ಹಕ್ಕಿಗಳು ಅದರಲ್ಲಿ ಚಿಕ್‌ಚಿಕ್ ಎನ್ನುತ್ತವೆ, ಪಿಕಳಾರ, ಕೋಗಿಲೆ ಬರುತ್ತವೆ, ಸಂಜೆ ಸ್ಕೂಲ್ ಬಿಟ್ಟ ಮಕ್ಕಳು ಬರುತ್ತಾರೆ, ಕತ್ತಲಾದರೆ ಬಾವಲಿ. ಊರಿನ ಗುಲ್‌ಮೊಹರ್ ಮಡಗಾಸ್ಕರಿನದು, ಜಕರಂಡ ದಕ್ಷಿಣ ಅಮೆರಿಕದ್ದು. ಶುದ್ಧಿ ಮಾಡಲು ಹೊರಟರೆ ಅರ್ಧ ಬೆಂಗಳೂರು ಕಡಿಯಬೇಕಾಗುತ್ತದೆ. ಹೊಸದಾಗಿ ನೆಡುವುದು ಈ ಮಣ್ಣಿನದು, ತಾನಾಗಿ ಬಂದು ನೆರಳು ಕೊಟ್ಟದ್ದು ಇರಲಿ. ಇದು ನನ್ನ ಲೆಕ್ಕ, ಹುಡುಗ ಒಪ್ಪಿಲ್ಲ.

2025ರ ಬೇಸಿಗೆಗೆ ಪೈಪು ಶೆಡ್ಡಿನಿಂದ ಹೊರಗೆ ಬರಲಿಲ್ಲ. ವಾರಕ್ಕೆ ಎರಡು ಸಲ ಅಕ್ಕಿ, ತರಕಾರಿ ತೊಳೆದ ನೀರು, ಅಷ್ಟೇ. ವಿಷ್ಣುಕ್ರಾಂತಿ ಒಣಗಿ ಹೋಯಿತು, ತಂಗಡಿ ಆ ಬಿಸಿಲಿನಲ್ಲೇ ಹಳದಿ ಹೂ ಸುರಿಯಿತು, ಕರಿ ದುಂಬಿಗಳು ಅದಕ್ಕೆ ಜೋತುಬಿದ್ದು ಝೇಂಕರಿಸುತ್ತಿದ್ದವು. ಜೂನ್‌ನಲ್ಲಿ ಗುಳ್ಳದ ಗಿಡದ (ಪಟ್ಟಿಯ ಬೃಹತಿ ಇದೇ) ಎರಡು ಅಗಲ ಎಲೆ ಸೇರಿಸಿ ಸಿಂಪಿಗ ಹಕ್ಕಿ ಹೊಲಿದು ಗೂಡು ಕಟ್ಟಿತು. ಮುಳ್ಳಿನ ಗಿಡ, ಬೆಕ್ಕು ಹತ್ತಲಾರದು. ಮರಿಯಾದ ಮೇಲೆ ಒಂದು ಬೆಳಿಗ್ಗೆ ಯಜಮಾನರು ವಾಚು ಹಿಡಿದು ಕೂತು ಎಣಿಸಿದರು: ಒಂದು ಗಂಟೆಯಲ್ಲಿ 22 ಸಲ ಬಂತು, ಪ್ರತಿ ಸಲ ಕೊಕ್ಕಿನಲ್ಲಿ ಏನಾದರೊಂದು ಹುಳ. ಬಸವನಹುಳುವಿನ ಲೆಕ್ಕ ಬರೆದಿದ್ದ ಕ್ಯಾಲೆಂಡರಿನ ಪಕ್ಕದಲ್ಲೇ ಇದನ್ನೂ ಬರೆದು, ಫೋಟೊ ತೆಗೆದು ಮಗಳಿಗೆ ಕಳಿಸಿದರು.

ಆಗಸ್ಟ್ 27ಕ್ಕೆ ಚೌತಿ. ಹಿಂದಿನ ವರ್ಷ ಗಿಡ ಎಳೆಯದೆಂದು ಬಿಟ್ಟಿದ್ದೆವು, ಈ ಸಲ ಅತ್ತೆ ಬೆಳಿಗ್ಗೆ ಐದಕ್ಕೇ ಮಡಿಯುಟ್ಟು ಬುಟ್ಟಿ ಹಿಡಿದು ಅಂಗಳಕ್ಕೆ ಇಳಿದರು. ಗರಿಕೆ ಸಿಕ್ಕಿತು, ಉತ್ತರಾಣಿ ಸಿಕ್ಕಿತು, ಲಕ್ಕಿ ಬೇಕಾದಷ್ಟು. ಎಕ್ಕದಲ್ಲಿ ತೂತಿಲ್ಲದ ಎಲೆ ಹುಡುಕಲು ಹತ್ತು ನಿಮಿಷ ಬೇಕಾಯಿತು. ಹುಳ ತಿಂದದ್ದು ದೇವರಿಗೆ ಆಗುವುದಿಲ್ಲ, ಆ ವಿಷಯದಲ್ಲಿ ಅವರು ಖಡಕ್. ಕಣಗಿಲೆಯದೂ ಅದೇ ಪಾಡು. ಬಿಲ್ವದ ಹತ್ತಿರ ಹೋದವರು ಸುಮ್ಮನೆ ನಿಂತುಬಿಟ್ಟರು. ಗಿಡದ ಮೇಲಿನ ಅರ್ಧ ಬರೀ ಕಡ್ಡಿ. ಕೆಳಗೆ ಒಂದೇ ಒಂದು ರೆಂಬೆಯಲ್ಲಿ ಮೂರೆಲೆಯ ಪತ್ರೆ ಹಾಗೇ ಉಳಿದಿತ್ತು, ಅದರ ತೊಟ್ಟಿನ ಪಕ್ಕಕ್ಕೆ, ನಡುವಿಗೆ ಒಂದು ದಾರ ಬಿಗಿದುಕೊಂಡು ಹಸಿರು ಕೋಶ ಒರಗಿ ಕೂತಿತ್ತು. ಅತ್ತೆ ಕೈ ಚಾಚಿದವರು ಹಿಂದಕ್ಕೆ ತೆಗೆದರು. ಬಗ್ಗಿ ಇನ್ನೊಂದು ಸಲ ನೋಡಿದರು. "ಲೋ, ಸ್ಕೂಟರ್ ತೆಗಿಯೋ" ಎಂದು ಒಳಗೆ ಕೂಗಿದರು.

ಯಜಮಾನರು ಏಳು ಗಂಟೆಗೆ ಗಾಂಧಿ ಬಜಾರಿನಿಂದ ಬಂದರು. ರಶ್ಶಿನಲ್ಲಿ ಚಪ್ಪಲಿ ಕಿತ್ತುಹೋಗಿತ್ತು. ಪತ್ರೆಯ ಕಟ್ಟಿಗೆ 50 ರೂಪಾಯಿ. ಅತ್ತೆ ಜಗುಲಿಯ ಮೇಲೆ ಬಾಳೆಎಲೆ ಹರಡಿ, ಬಾಳೆನಾರು ಬಿಚ್ಚಿ, ಒಂದೊಂದೇ ಎತ್ತಿ ಎಣಿಸಲು ಶುರುಮಾಡಿದರು. "ಇದು ಅದೇ. ಇದೂ ಅದೇ..."